ನೊರೆಯ ನೀರು, ನೆನೆಯುವ ಗರಿ

ಮದಲೂರು ಕೆರೆಗೆ ಹೇಮಾವತಿ ನೀರು ಬರಲೆಂದು ಶಿರಾ ಸೀಮೆಯ ಜನ ವರ್ಷಗಟ್ಟಲೆ ಹೋರಾಡಿದರು. ಇನ್ನು ಮುಂದೆ ತುಮಕೂರು ಜಿಲ್ಲೆಯ ಕೆರೆಗಳಿಗೆ ಹರಿಯಲಿರುವುದು ಹೊಳೆ ನೀರೊಂದೇ ಅಲ್ಲ. ಬೆಂಗಳೂರಿನ ವೃಷಭಾವತಿ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಇತ್ತ ತರುವ ಯೋಜನೆಯೂ ಇದೆ. ಬರದ ನಾಡಿಗೆ ನೀರು ಬೇಡವೆನ್ನುವ ಎದೆ ನನಗಿಲ್ಲ. ಆದರೆ ಆ ನೀರಿನಲ್ಲಿ ಡಿಟರ್ಜೆಂಟ್ ಎಷ್ಟು ಉಳಿದಿರುತ್ತದೆ ಎಂದು ಈಗಲೇ ಕೇಳದಿದ್ದರೆ ಮೊದಲು ನರಳುವುದು ನೀರುಹಕ್ಕಿಗಳು.

ಗುಳುಮುಳುಕ ಮುಳುಗೆದ್ದ ಮೇಲೆ ಏನು ಮಾಡುತ್ತದೆ ನೋಡಿ. ಕತ್ತು ಹಿಂದಕ್ಕೆ ತಿರುಗಿಸಿ ಬಾಲದ ಬುಡಕ್ಕೆ ಕೊಕ್ಕು ಒತ್ತುತ್ತದೆ. ಅಲ್ಲಿರುವ ಪುಟ್ಟ ಗ್ರಂಥಿಯ ತೊಟ್ಟಿನಿಂದ ಮೇಣದಂಥ ಎಣ್ಣೆ ಒಸರುತ್ತದೆ. ಅದನ್ನು ಕೊಕ್ಕಿಗೂ ತಲೆಗೂ ಮೆತ್ತಿಕೊಂಡು ಗರಿಗರಿಗೂ ಸವರುತ್ತದೆ. ಗರಿಯ ಎಳೆಗಳು ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನೀರನ್ನು ತಡೆಯುವುದು ಮುಖ್ಯವಾಗಿ ಆ ಹೆಣಿಗೆಯೇ. ಎಣ್ಣೆ ಅದನ್ನು ಒಣಗದಂತೆ, ಮುರಿಯದಂತೆ ಕಾಯುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿಯೇ ಹಕ್ಕಿಗೆ ಕಂಬಳಿ, ತೇಲಲು ಆಸರೆಯೂ ಅದೇ.

ಡಿಟರ್ಜೆಂಟ್ ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸುತ್ತದೆ. ಆಗ ನೀರು ಎಳೆಗಳ ನಡುವೆ ನುಗ್ಗುತ್ತದೆ, ಎಣ್ಣೆಯೂ ತೊಳೆದುಹೋಗುತ್ತದೆ. ಇದರ ಫಲ ಏನೆಂದು ಅಮೆರಿಕ ತೋರಿಸಿಕೊಟ್ಟಿದೆ. 1974ರಿಂದ 1992ರವರೆಗೆ ಅಲ್ಲಿ ಬೆಳೆ ತಿನ್ನುವ ಹಕ್ಕಿಗಳನ್ನು ಕೊಲ್ಲಲು ಪಿಎ-14 ಎಂಬ ಇಂಥದೇ ರಾಸಾಯನಿಕವನ್ನು ಚಳಿಯ ರಾತ್ರಿಗಳಲ್ಲಿ ಸಿಂಪಡಿಸಿದರು. ಅದು ವಿಷವೇರಿಸಿ ಕೊಲ್ಲುತ್ತಿರಲಿಲ್ಲ. ಗರಿ ನೆನೆದು, ಮೈ ತಣ್ಣಗಾಗಿ, ಕೋಟಿಗಟ್ಟಲೆ ಹಕ್ಕಿಗಳು ಸತ್ತವು.

ಕೆರೆ ನೀರಿನಲ್ಲಿ ಅಷ್ಟು ದಟ್ಟ ಡಿಟರ್ಜೆಂಟ್ ಇರುವುದಿಲ್ಲ, ನಿಜ. ಆದರೆ ಹಕ್ಕಿ ಅದರಲ್ಲಿ ದಿನವಿಡೀ ಇರುತ್ತದೆ. ನೊರೆ ಎದ್ದಲ್ಲಂತೂ ಡಿಟರ್ಜೆಂಟ್ ಇನ್ನಷ್ಟು ದಟ್ಟ. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೇ ಹಾರಿಬಂತು. 2018ರಲ್ಲಿ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿತ ಕೊಳಚೆ ನೀರು ಹರಿದಾಗ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಕಂಡಿತು. ಸಂಸ್ಕರಣೆ ಎಂಬ ಮಾತೊಂದನ್ನೇ ನಂಬಿ ಕೂರಲಾಗದು.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ. ಮರಿಗಳಿಗೆ ಮೀನು ಬರುವುದು ಸುತ್ತಲ ಕೆರೆಗಳಿಂದ. ಕೊಕ್ಕರೆ ನಡೆದು ಮೀನು ಹಿಡಿಯುವ ಹಕ್ಕಿ, ಮೈ ನೆನೆಯುವುದು ಕಡಿಮೆ. ಈಜುವ ವರಟೆ, ಗುಳುಮುಳುಕಗಳ ಗತಿ ಹಾಗಲ್ಲ.

ನೀರಿನಲ್ಲಿ ಡಿಟರ್ಜೆಂಟ್ ಎಷ್ಟಿದೆಯೆಂದು ಅಳೆಯಲು ಮಿಥಿಲೀನ್ ಬ್ಲೂ ಪರೀಕ್ಷೆ ಸಾಕು. ಪೈಪಿನ ಬಾಯಲ್ಲೂ ಕೆರೆಯ ನಡುವೆಯೂ ತಿಂಗಳಿಗೊಮ್ಮೆ ಅದನ್ನು ಮಾಡಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ನೊರೆ ಕಂಡ ದಿನವೇ ನೀರು ನಿಲ್ಲಿಸುವ ಅಧಿಕಾರ ಊರಿಗಿರಬೇಕು. ಮೊದಲ ಪೈಪು ತೆರೆಯುವ ಮುನ್ನವೇ ಇದು ಕಾಗದದ ಮೇಲೆ ಬರಬೇಕು.