ಮುಲ್ಸಾನ್ ತಿರುವಿನ ನೂರು ಮೀಟರ್

1952ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ ಜಾಗ್ವಾರ್ ಕಂಪನಿಯ ಮೂರು ಕಾರುಗಳು ಒಂದಾದ ಮೇಲೊಂದು ಕುದಿದು ನಿಂತವು. ಅದು ಇಪ್ಪತ್ನಾಲ್ಕು ಗಂಟೆಯ ಓಟ. ಕೆಲವೇ ಗಂಟೆಯೊಳಗೆ ಇಂಗ್ಲೆಂಡಿನಿಂದ ಬಂದವರ ಆಟ ಮುಗಿದಿತ್ತು. ಹಿಂದಿನ ವರ್ಷ ಇದೇ ಮಾದರಿಯ ಕಾರು ಇದೇ ಓಟವನ್ನು ಗೆದ್ದಿತ್ತು ಎಂಬುದು ನಾಚಿಕೆಯ ಮೇಲೊಂದು ಬರೆ.

ಕೆಟ್ಟದ್ದು ಎಂಜಿನ್ ಅಲ್ಲ, ಆತುರ. ಅದೇ ವರ್ಷ ಮೇ ತಿಂಗಳಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ಓಟದಲ್ಲಿ ಮರ್ಸಿಡಿಸ್‌ನ ಹೊಸ ಕಾರಿನ ಓಟ ಕಂಡು ದಂಗಾದ ಜಾಗ್ವಾರ್ ಚಾಲಕ ಸ್ಟರ್ಲಿಂಗ್ ಮಾಸ್, ನಮ್ಮ ಕಾರಿಗೆ ಇನ್ನೂ ವೇಗ ಬೇಕು ಎಂದು ಕಂಪನಿಗೆ ಹೇಳಿ ಕಳಿಸಿದರು. ಗಾಳಿಯನ್ನು ಸುಲಭವಾಗಿ ಸೀಳಲೆಂದು ಕಾರಿನ ಮೂತಿಯನ್ನು ತರಾತುರಿಯಲ್ಲಿ ಉದ್ದ ಮಾಡಿ ತಗ್ಗಿಸಿದರು. ತಗ್ಗಿದ ಮೂತಿಯೊಳಗೆ ರೇಡಿಯೇಟರ್ ವ್ಯವಸ್ಥೆಯನ್ನು ಹೇಗೋ ತುರುಕಬೇಕಾಯಿತು. ನೀರು ಸರಾಗ ಹರಿಯಲಿಲ್ಲ, ಎಂಜಿನ್ನಿನ ಬಿಸಿ ಹೊರಗೆ ಹೋಗಲಿಲ್ಲ. ಗೆದ್ದದ್ದು ಮರ್ಸಿಡಿಸ್.

ಮರುವರ್ಷ ಹಳೆಯ ಮೂತಿಯನ್ನೇ ಹೊತ್ತು ಬಂದ ಜಾಗ್ವಾರ್, 24 ಗಂಟೆಯಲ್ಲಿ 4,000 ಕಿಲೋಮೀಟರಿಗೂ ಹೆಚ್ಚು ಓಡಿ ಗೆದ್ದಿತು. ಸರಾಸರಿ ವೇಗ ಗಂಟೆಗೆ ಸುಮಾರು 170 ಕಿಲೋಮೀಟರ್. ಅವರ ಲೆಕ್ಕದಲ್ಲಿ ಗಂಟೆಗೆ ನೂರು ಮೈಲಿಯ ಗೆರೆಗೂ ಮೇಲೆ. ಆ ಗೆರೆಯನ್ನು ದಾಟಿ ಲೆ ಮಾನ್ ಗೆದ್ದ ಮೊದಲ ಕಾರು ಅದು. ಜಾಗ್ವಾರ್ ಸಿ-ಟೈಪ್ ಎಂದು ಲೋಕ ಕರೆಯುವ ಈ ಕಾರಿನ ಚರಿತ್ರೆಯನ್ನು ಎಂಜಿನ್ನಿನ ಕಡೆಯಿಂದ, ಓಡಿಸಿದ ಶೂರರ ಕಡೆಯಿಂದ ಬರೆಯುವುದು ರೂಢಿ. ನನಗೇನೋ ಅದು ಬಿಸಿಯ ಚರಿತ್ರೆಯಾಗಿ ಕಾಣುತ್ತದೆ. ಒಂದು ವರ್ಷ ಬಿಸಿ ಸೋಲಿಸಿತು. ಮರುವರ್ಷ ಬಿಸಿಯನ್ನು ಯಾರು ಬೇಗ ಹೊರಹಾಕಿದರೋ ಅವರು ಗೆದ್ದರು. ಎರಡನೆಯ ಬಾರಿ ಆ ಬಿಸಿ ಇದ್ದದ್ದು ಎಂಜಿನ್ನಿನಲ್ಲಲ್ಲ, ಚಕ್ರದಲ್ಲಿ.

ಮೊದಲು ಕಾರಿನ ಬಗ್ಗೆ ಎರಡು ಮಾತು. ಕವೆಂಟ್ರಿ ಊರಿನ ಜಾಗ್ವಾರ್ ಕಂಪನಿ ಎಕ್ಸ್‌ಕೆ 120 ಎಂಬ ಸ್ಪೋರ್ಟ್ಸ್ ಕಾರನ್ನು ಮಾರುತ್ತಿತ್ತು. ಅದರ 3,442 ಸಿಸಿಯ ಆರು ಸಿಲಿಂಡರ್ ಎಂಜಿನ್ ಬಲು ಗಟ್ಟಿ, ಕಾರಿನ ಮೈ ಮಾತ್ರ ಓಟಕ್ಕೆ ಭಾರ. ಹಾಗಾಗಿ ಎಂಜಿನ್ ಉಳಿಸಿಕೊಂಡು ಮೈಯನ್ನು ಹೊಸದಾಗಿ ಕಟ್ಟಿದರು. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ತೆಳು ಅಲ್ಯೂಮಿನಿಯಂ ಹೊದಿಕೆ. ಆ ಹೊದಿಕೆಯ ಆಕಾರ ಗೀಚಿದವರು ಮಾಲ್ಕಮ್ ಸೇಯರ್, ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿ ಬಂದವರು. ಕಾರಿನ ಅಂದಚೆಂದದ ಹಂಗಿಲ್ಲದೆ ಗಾಳಿಯ ಲೆಕ್ಕ ಹಾಕಿ ಗೆರೆ ಎಳೆದರು. ಅಂದ ತಾನಾಗಿ ಬಂತು. 1951ರಲ್ಲಿ ಪೀಟರ್ ವಾಕರ್ ಮತ್ತು ಪೀಟರ್ ವೈಟ್‌ಹೆಡ್ ಅದನ್ನು ಲೆ ಮಾನ್‌ನಲ್ಲಿ ಗೆಲ್ಲಿಸಿದರು. ಒಟ್ಟು ತಯಾರಾದದ್ದು 53 ಕಾರು.

ಇನ್ನು ಹಾದಿ. ಆಗ ಲೆ ಮಾನ್‌ನ ಒಂದು ಸುತ್ತು ಸುಮಾರು ಹದಿಮೂರೂವರೆ ಕಿಲೋಮೀಟರ್. ಬಹುಪಾಲು ಊರಿನ ಡಾಂಬರು ರಸ್ತೆಯೇ, ಉಳಿದ ದಿನಗಳಲ್ಲಿ ಅದರ ಮೇಲೆ ಲಾರಿ, ಟ್ರ್ಯಾಕ್ಟರ್ ಓಡಾಡುತ್ತವೆ. ಅದರಲ್ಲೊಂದು ಕಡೆ ಸುಮಾರು ಆರು ಕಿಲೋಮೀಟರ್ ಉದ್ದಕ್ಕೂ ದಾರ ಕಟ್ಟಿದಂತೆ ನೇರ. ಆಮೇಲೆ ಇದ್ದಕ್ಕಿದ್ದಂತೆ ಬಲಕ್ಕೆ ಕಟ್ ತಿರುವು. ಅದೇ ಮುಲ್ಸಾನ್. ನೇರ ಹಾದಿಯ ಕೊನೆಗೆ ಕಾರಿನ ವೇಗ ಗಂಟೆಗೆ 240 ಕಿಲೋಮೀಟರ್ ಆಸುಪಾಸು. ತಿರುವಿಗೆ 50ಕ್ಕೆ ಇಳಿಯಬೇಕು. ಹೀಗೆ ಒಂದು ಹಗಲು ಒಂದು ರಾತ್ರಿಯಲ್ಲಿ ಮುನ್ನೂರು ಸಲ.

ಓಡುವ ವಸ್ತುವಿನ ಶಕ್ತಿ ಅದರ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದನ್ನೇ ಇಲ್ಲಿ ಹಾಕಿ ನೋಡೋಣ. ಕಾರಿನ ತೂಕ ಒಂದು ಟನ್ ಎಂದು ಹಿಡಿದರೆ 240ರಿಂದ 50ಕ್ಕೆ ಇಳಿಯುವಾಗ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 21 ಲಕ್ಷ ಜೂಲ್. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಏಳು ಲೀಟರಿನಷ್ಟು ತಣ್ಣೀರು ಕುದಿ ಬರಲು ಬೇಕಾದ ಬಿಸಿ. ಸ್ವಲ್ಪವನ್ನು ಎದುರುಗಾಳಿ ತಿನ್ನುತ್ತದೆ, ಸ್ವಲ್ಪವನ್ನು ಎಂಜಿನ್. ಮಿಕ್ಕದ್ದೆಲ್ಲ ನಾಲ್ಕು ಚಕ್ರದ ಬ್ರೇಕಿನ ಪಾಲು, ಅದೂ ಏಳೆಂಟು ಸೆಕೆಂಡಿನಲ್ಲಿ. ಬ್ರೇಕಿನ ಕಬ್ಬಿಣವೆಲ್ಲ ಸೇರಿ 40 ಕೆಜಿ ಎಂದು ಇಟ್ಟುಕೊಳ್ಳಿ, ಒಂದೊಂದು ಸಲ ಒತ್ತಿದಾಗಲೂ ಅದರ ಬಿಸಿ ಸುಮಾರು ನೂರು ಡಿಗ್ರಿ ಏರುತ್ತದೆ. ಮುಂದಿನ ತಿರುವಿನೊಳಗೆ ಅದು ಆರದಿದ್ದರೆ ನೂರರ ಮೇಲೆ ನೂರು.

ಆ ಕಾಲದ ಬಹುಪಾಲು ಕಾರುಗಳಿಗೆ ಡ್ರಮ್ ಬ್ರೇಕ್. ಹಳೆಯ ಸ್ಕೂಟರ್ ಬಿಚ್ಚಿ ನೋಡಿದವರಿಗೆ ಗೊತ್ತು: ಚಕ್ರದ ಜೊತೆ ತಿರುಗುವ ಒಂದು ಡಬ್ಬಿ, ಒಳಗೆ ಅರ್ಧಚಂದ್ರದಂಥ ಎರಡು ಶೂ, ಶೂ ಮೇಲೆ ಲೈನಿಂಗ್. ಬ್ರೇಕ್ ಒತ್ತಿದರೆ ಶೂಗಳು ಅಗಲವಾಗಿ ಡಬ್ಬಿಯ ಒಳಮೈಗೆ ಉಜ್ಜುತ್ತವೆ. ಇದರಲ್ಲೊಂದು ಜಾಣತನ ಅಡಗಿದೆ. ಶೂ ಒಂದು ತುದಿಯಲ್ಲಿ ಕೀಲಿಗೆ ಸಿಕ್ಕಿಕೊಂಡಿರುತ್ತದೆ. ತಿರುಗುವ ಡ್ರಮ್ ಅದನ್ನು ಎಳೆದು ತನ್ನತ್ತಲೇ ಇನ್ನಷ್ಟು ಅಮುಕಿಕೊಳ್ಳುತ್ತದೆ. ನಾವು ಕಾಲಲ್ಲಿ ಕೊಟ್ಟದ್ದು ಒಂದು ಪಾಲಾದರೆ ಚಕ್ರವೇ ತನ್ನನ್ನು ಹಿಡಿಯಲು ಇನ್ನೊಂದು ಪಾಲು ಸೇರಿಸುತ್ತದೆ. ಪುಕ್ಕಟೆ ಬಲ.

ಪುಕ್ಕಟೆ ಬಂದದ್ದು ಕಷ್ಟಕಾಲಕ್ಕೆ ನಿಲ್ಲುವುದಿಲ್ಲ. ಲೈನಿಂಗ್ ವಿಪರೀತ ಕಾದಾಗ ಅದರ ಘರ್ಷಣೆ ಒಂದಿಷ್ಟು ಕುಗ್ಗುತ್ತದೆ. ಘರ್ಷಣೆ ಕುಗ್ಗಿದ ಕೂಡಲೇ ಶೂ ತಾನಾಗಿ ಕಚ್ಚಿಕೊಳ್ಳುತ್ತಿದ್ದ ಬಲವೂ ಕುಗ್ಗುತ್ತದೆ. ಸಣ್ಣ ನಷ್ಟ ದೊಡ್ಡದಾಗುತ್ತದೆ. ಜೊತೆಗೆ ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕೆಳಗೆ ಹೋಗುತ್ತದೆ. ಬಿಸಿಯೆಲ್ಲ ಡಬ್ಬಿಯೊಳಗೆ. ಮುಚ್ಚಳ ಹಾಕಿದ ಪಾತ್ರೆ ಬೇಗ ಆರುವುದುಂಟೆ? ಘಾಟಿ ಇಳಿಯುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ ಸುಟ್ಟ ರಬ್ಬರಿನಂಥ ಒಂದು ಘಾಟು ಮೂಗಿಗೆ ಬಡಿದದ್ದು ನೆನಪಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, 'ಲೈನರ್ ಕಾದಿದೆ, ಗೇರಲ್ಲಿ ಇಳಿಸಪ್ಪಾ' ಎಂದು ಡ್ರೈವರಿಗೆ ಕೂಗಿ ಹೇಳಿದರು. ಭೌತಶಾಸ್ತ್ರ ಅಷ್ಟೇ. ಮುಲ್ಸಾನ್‌ನಲ್ಲಿ ಓಡಿಸುವವನಿಗೂ ಅದೇ ಅಂಜಿಕೆ, ಹಾಗಾಗಿ ಬೇಗನೆ ಕಾಲಿಟ್ಟು ಮೆಲ್ಲಗೆ ಒತ್ತುತ್ತಿದ್ದ. ಬ್ರೇಕು ಬೆಳಗಿನವರೆಗೂ ಬಾಳಬೇಕಲ್ಲ.

ಡಬ್ಬಿಯ ಬದಲು ಬಯಲಿನಲ್ಲಿ ತಿರುಗುವ ತಟ್ಟೆ, ಅದನ್ನು ಎರಡೂ ಕಡೆಯಿಂದ ಚಿವುಟುವ ಬಿಲ್ಲೆಗಳು: ಈ ಆಲೋಚನೆ ಹೊಸದೇನಲ್ಲ. ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಅವರ ಬಿಲ್ಲೆ ತಾಮ್ರದ್ದು, ಕಿವಿ ಕೊರೆಯುವ ಕಿರಿಚಾಟ. ದೂಳಿನ ರಸ್ತೆಯಲ್ಲಿ ಬೇಗ ಸವೆದೂ ಹೋಗುತ್ತಿತ್ತು. ಈ ಆಲೋಚನೆಗೆ ಮತ್ತೆ ಜೀವ ಬಂದದ್ದು ವಿಮಾನಗಳಿಂದ. ದೊಡ್ಡ ವಿಮಾನ ಪುಟ್ಟ ಚಕ್ರದ ಮೇಲೆ ಇಳಿದು, ಅಷ್ಟೂ ವೇಗವನ್ನು ಒಂದೇ ಓಟದಲ್ಲಿ ಕಳೆದುಕೊಳ್ಳಬೇಕು. ಡನ್‌ಲಪ್ ಕಂಪನಿಗೆ ವಿಮಾನದ ಡಿಸ್ಕ್ ಬ್ರೇಕುಗಳ ಅನುಭವವಿತ್ತು. ಜಾಗ್ವಾರ್ ಅವರ ಜೊತೆ ಸೇರಿತು.

ಆಮೇಲಿನದು ಬೇಸರದ ಕೆಲಸ, ಹಾಗಾಗಿಯೇ ನನಗೆ ಇಷ್ಟ. ನಾರ್ಮನ್ ಡ್ಯೂಯಿಸ್ ಎಂಬ ಟೆಸ್ಟ್ ಡ್ರೈವರ್ ಕಾರನ್ನು ಓಡಿಸುವುದು, ನಿಲ್ಲಿಸುವುದು, ಮತ್ತೆ ಓಡಿಸುವುದು. ಹೊಸ ಬ್ರೇಕಿಗೆ ಹೊಸ ರೋಗ. ಬಿಲ್ಲೆಯ ಬಿಸಿ ಹಿಂದಿರುವ ಬ್ರೇಕ್ ಆಯಿಲ್‌ಗೆ ದಾಟಿ ಅದು ಕುದಿಯುತ್ತಿತ್ತು. ದ್ರವವನ್ನು ಒತ್ತಿದರೆ ಒತ್ತಡ ಹಾಗೇ ಮುಂದಕ್ಕೆ ಹೋಗುತ್ತದೆ. ಅದರಲ್ಲಿ ಹಬೆಯ ಗುಳ್ಳೆ ಸೇರಿದರೆ ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚು. ಪೆಡಲ್ ಹತ್ತಿಯ ದಿಂಬಿನಂತಾಗಿ ನೆಲಕ್ಕಿಳಿಯುತ್ತದೆ. ಇನ್ನೊಂದು, ಡಿಸ್ಕಿಗೆ ಡ್ರಮ್ಮಿನ ಪುಕ್ಕಟೆ ಬಲ ಇಲ್ಲ. ಎಷ್ಟು ಒತ್ತುತ್ತೀರೋ ಅಷ್ಟೇ ಹಿಡಿತ. ಪ್ರಾಮಾಣಿಕ ಬ್ರೇಕು, ಆದರೆ ಕಾಲು ಸೋಲುತ್ತದೆ. ಅದಕ್ಕೆಂದು ಗೇರ್‌ಬಾಕ್ಸ್‌ನಿಂದ ತಿರುಗುವ ಪಂಪೊಂದನ್ನು ಜೋಡಿಸಿ, ಒತ್ತುವ ಕೆಲಸದಲ್ಲಿ ಕಾಲಿಗೆ ನೆರವು ಕೊಟ್ಟರು. ಮುಂದಿನ ಒಂದೊಂದು ಚಕ್ರದ ತಟ್ಟೆಯನ್ನೂ ಮೂರು ಜೊತೆ ದುಂಡು ಬಿಲ್ಲೆಗಳು ಹಿಡಿಯುತ್ತಿದ್ದವು. ಕಡ್ಡಿಚಕ್ರದ ಸಂದಿನಿಂದ ಗಾಳಿ ನೇರವಾಗಿ ತಟ್ಟೆಗೆ ಬೀಸುತ್ತಿತ್ತು. ತಟ್ಟೆ ಕಾದು ಹಿಗ್ಗಿದರೂ ಚಿಂತೆಯಿಲ್ಲ. ದಪ್ಪವಾದಷ್ಟೂ ಅದು ಬಿಲ್ಲೆಗಳ ಹತ್ತಿರಕ್ಕೇ ಬರುತ್ತದೆ, ಡ್ರಮ್ಮಿನಂತೆ ದೂರ ಹೋಗುವುದಿಲ್ಲ.

1952ರ ಮಿಲ್ಲೆ ಮಿಲ್ಯಾಕ್ಕೆ ಮಾಸ್ ಮತ್ತು ಡ್ಯೂಯಿಸ್ ಹೋದದ್ದು ಡಿಸ್ಕ್ ಬ್ರೇಕಿನ ಸಿ-ಟೈಪ್‌ನಲ್ಲೇ. ಕಲ್ಲಿಗೆ ಬಡಿದು ಓಟ ಮುಗಿಸಲಾಗಲಿಲ್ಲ. ಲೆ ಮಾನ್‌ನಲ್ಲಿ ಕುದಿದು ನಿಂತ ಎರಡೇ ವಾರಕ್ಕೆ ರೀಮ್ಸ್‌ನಲ್ಲಿ ಮಾಸ್ ಡಿಸ್ಕ್ ಬ್ರೇಕಿನ ಕಾರಿನಿಂದ ಗೆದ್ದರು. 1953ರ ಲೆ ಮಾನ್‌ಗೆ ಕಂಪನಿ ಕಳಿಸಿದ ಮೂರೂ ಕಾರಿಗೆ ಅದೇ ಬ್ರೇಕು.

ಅಂದಿನ ಎದುರಾಳಿಗಳು ಸಾಮಾನ್ಯರಲ್ಲ. ಫೆರಾರಿಯ ಚಾಲಕ ಅಸ್ಕಾರಿ, ಆಲ್ಫಾ ರೋಮಿಯೋದ ಚಾಲಕ ಫಾಂಜಿಯೋ. ಅಮೆರಿಕದ ಕನಿಂಗ್‌ಹ್ಯಾಮ್ ಕಾರಿನ ಐದೂ ಚಿಲ್ಲರೆ ಲೀಟರಿನ ಎಂಜಿನ್ ಮುಂದೆ ಜಾಗ್ವಾರ್‌ದು ಚಿಕ್ಕದು; ನೇರ ಹಾದಿಯಲ್ಲಿ ಕನಿಂಗ್‌ಹ್ಯಾಮ್ ಜಾಗ್ವಾರನ್ನು ಹಿಂದೆ ಹಾಕುವಷ್ಟು ಜೋರು. ಆದರೆ ಅದಕ್ಕಿದ್ದದ್ದು ಡ್ರಮ್ ಬ್ರೇಕು, ಎಷ್ಟು ದೊಡ್ಡದಾದರೂ ಡ್ರಮ್ಮೇ.

ಮತ್ತೆ ಮುಲ್ಸಾನ್‌ಗೆ ಬರೋಣ. ಒಬ್ಬ ತಿರುವಿಗೆ 400 ಮೀಟರ್ ಇರುವಾಗಲೇ ಬ್ರೇಕಿನ ಮೇಲೆ ಕಾಲಿಡುತ್ತಾನೆ, ಇನ್ನೊಬ್ಬ 300 ಮೀಟರ್ ಇರುವಾಗ. ಇಬ್ಬರೂ ತಂತಮ್ಮ ಹದ ಬದಲಿಸದೆ 240ರಿಂದ 50ಕ್ಕೆ ಇಳಿಯುತ್ತಾರೆ. ಮೊದಲನೆಯವನಿಗೆ ಆ 400 ಮೀಟರ್ ಕಳೆಯಲು ಸುಮಾರು ಹತ್ತು ಸೆಕೆಂಡು. ಎರಡನೆಯವನು ಮೊದಲ ನೂರು ಮೀಟರನ್ನು ಪೂರ್ತಿ ವೇಗದಲ್ಲಿ ಒಂದೂವರೆ ಸೆಕೆಂಡಿನಲ್ಲಿ ದಾಟಿ, ಉಳಿದದ್ದನ್ನು ಏಳೂವರೆಯಲ್ಲಿ ಮುಗಿಸುತ್ತಾನೆ. ಉಳಿತಾಯ ಒಂದು ಸೆಕೆಂಡು. ಕಣ್ಣು ಮಿಟುಕಿಸುವಷ್ಟು. ಮುನ್ನೂರು ಸುತ್ತಿಗೆ ಮುನ್ನೂರು ಸೆಕೆಂಡು, ಅಂದರೆ ಐದು ನಿಮಿಷ. ಆಗ ಲೆ ಮಾನ್‌ನ ಒಂದು ಸುತ್ತಿಗೆ ಐದು ನಿಮಿಷವೂ ಬೇಕಿರಲಿಲ್ಲ. ಒಂದೇ ತಿರುವಿನ ನೂರು ಮೀಟರಿಗೆ ಇಡೀ ಒಂದು ಸುತ್ತಿನ ಲಾಭ. ತಿರುವುಗಳೇನು ಒಂದೇ?

ಕೊನೆಯಲ್ಲಿ ಜಾಗ್ವಾರ್ ಒಂದು, ಎರಡು ಮತ್ತು ನಾಲ್ಕನೆಯ ಸ್ಥಾನ ಪಡೆಯಿತು. ಮೂರನೆಯದು ಕನಿಂಗ್‌ಹ್ಯಾಮ್. ಅಸ್ಕಾರಿಯ ಫೆರಾರಿ ಅತಿ ವೇಗದ ಸುತ್ತು ಓಡಿಯೂ ಕ್ಲಚ್ ಕೈಕೊಟ್ಟು ನಿಂತಿತು.

ಗೆದ್ದ ಜೋಡಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್. ಓಟಕ್ಕೆ ಮುಂಚೆ ಒಂದೇ ನಂಬರಿನ ಎರಡು ಜಾಗ್ವಾರ್‌ಗಳು ಅಭ್ಯಾಸದಲ್ಲಿ ಒಟ್ಟಿಗೆ ಹಾದಿಗಿಳಿದ ತಪ್ಪಿಗೆ ಇವರನ್ನು ಓಟದಿಂದ ತೆಗೆದುಹಾಕಿದ್ದರು. ಬೇಸರಕ್ಕೆ ರಾತ್ರಿಯಿಡೀ ಕುಡಿದೆವು, ಬೆಳಿಗ್ಗೆ ಮತ್ತೆ ಸೇರಿಸಿಕೊಂಡಿದ್ದಾರೆಂದು ತಿಳಿಯಿತು, ಅಮಲಿನಲ್ಲೇ ಗೆದ್ದೆವು ಎಂದು ಹ್ಯಾಮಿಲ್ಟನ್ ಜೀವನವಿಡೀ ಹೇಳಿಕೊಂಡರು. ತಂಡದ ಮ್ಯಾನೇಜರ್ ಲಾಫ್ಟಿ ಇಂಗ್ಲೆಂಡ್ ಇದನ್ನು ಒಪ್ಪಲೇ ಇಲ್ಲ. ನಾನು ಮ್ಯಾನೇಜರ್ ಪರ; ಕಥೆ ಮಾತ್ರ ಚೆನ್ನಾಗಿದೆ. ರೋಲ್ಟ್‌ರದು ಅಷ್ಟು ಬಾಯಿ ಮಾಡುವ ಸ್ವಭಾವವಲ್ಲ. ಯುದ್ಧಕಾಲದಲ್ಲಿ ಜರ್ಮನರ ಕೋಲ್ಡಿಟ್ಸ್ ಕೋಟೆಯಲ್ಲಿ ಸೆರೆಯಾಳಾಗಿದ್ದಾಗ, ಅಟ್ಟದಲ್ಲಿ ಗುಟ್ಟಾಗಿ ಗ್ಲೈಡರ್ ಕಟ್ಟಿ ಹಾರಿಹೋಗುವ ಹಂಚಿಕೆಯಲ್ಲಿ ಅವರೂ ಇದ್ದರು.

ಸಿ-ಟೈಪ್‌ನ ನಂತರ ಸೇಯರ್ ಕೈಯಿಂದಲೇ ಬಂದದ್ದು ಡಿ-ಟೈಪ್, ಚಾಲಕನ ತಲೆಯ ಹಿಂದೆ ಮೀನಿನ ಈಜುರೆಕ್ಕೆಯಂಥ ಹಲಗೆ ನಿಂತ ಕಾರು. 1954ರ ಲೆ ಮಾನ್‌ನಲ್ಲಿ ಮಾಸ್ ಕಾರಿನ ಇದೇ ಡಿಸ್ಕ್ ಬ್ರೇಕು ಪೂರ್ತಿ ಕೈಕೊಟ್ಟಿತು. ಡಿಸ್ಕ್ ಎಂದರೆ ಮಂತ್ರದಂಡವಲ್ಲ. ಆದರೂ 1955, 56, 57 ಮೂರೂ ವರ್ಷ ಗೆದ್ದದ್ದು ಡಿ-ಟೈಪ್.

ಅದರಲ್ಲಿ ಮೊದಲ ಗೆಲುವನ್ನು ಯಾರೂ ಸಂಭ್ರಮದಿಂದ ನೆನೆಯುವುದಿಲ್ಲ. 1955ರ ಜೂನ್ 11ರಂದು ಡಿ-ಟೈಪ್‌ನಲ್ಲಿದ್ದ ಮೈಕ್ ಹಾಥಾರ್ನ್ ಪಿಟ್‌ಗೆ ಹೋಗಲು ಬ್ರೇಕ್ ಹಾಕಿದರು. ಹಿಂದಿದ್ದ ಆಸ್ಟಿನ್-ಹೀಲಿ ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಮಹಾ ವೇಗದಲ್ಲಿ ಬಂದ ಪಿಯೆರ್ ಲೆವೆಯ ಮರ್ಸಿಡಿಸ್ ಅದಕ್ಕೆ ಬಡಿದು ಪ್ರೇಕ್ಷಕರತ್ತ ಹಾರಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು, ಲೆವೆ ಕೂಡ. ಅಧಿಕೃತ ತನಿಖೆ ಯಾವ ಚಾಲಕನ ಮೇಲೂ ತಪ್ಪು ಹೊರಿಸಲಿಲ್ಲ. ಬ್ರೇಕಿನ ಕಥೆ ಬರೆಯುವವರು ಮಾತ್ರ ಒಂದನ್ನು ಗಮನಿಸದೆ ಮುಂದೆ ಹೋಗಲಾಗದು. ಮುಂದಿನ ಎರಡೂ ಕಾರಿಗೆ ಡಿಸ್ಕ್, ಮರ್ಸಿಡಿಸ್‌ಗೆ ಡ್ರಮ್. ಅದರ ಕೊರತೆ ತುಂಬಲೆಂದೇ ಬೆನ್ನ ಮೇಲೆ ಗಾಳಿಗೆ ಎದುರಾಗಿ ಏಳುವ ಹಲಗೆಯೊಂದನ್ನು ಜೋಡಿಸಿದ್ದರು. ಇಕ್ಕಟ್ಟಾದ ಹಾದಿಯಲ್ಲಿ ಮುಂದಿರುವವನು ಹಿಂದಿರುವವನಿಗಿಂತ ಬೇಗ ನಿಲ್ಲಬಲ್ಲವನಾದರೆ ಏನಾಗುತ್ತದೆಂದು ಹೆದ್ದಾರಿಯಲ್ಲಿ ಲಾರಿ ಮುಂದೆ ಕಾರು ಓಡಿಸಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಓಟದ ಹಾದಿಯಿಂದ ಡಿಸ್ಕ್ ಬ್ರೇಕು ಪೇಟೆಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. 1957ರ ಜಾಗ್ವಾರ್ ಎಕ್ಸ್‌ಕೆ 150 ಕಾರಿಗೆ ನಾಲ್ಕೂ ಚಕ್ರಕ್ಕೆ ಅದು ಬಂತು. ಈಗ ನಮ್ಮ ಬೈಕಿನ ಮುಂದಿನ ಚಕ್ರದಲ್ಲೂ ಹೊಳೆಯುತ್ತಿದೆ. ತಮಾಷೆಯೆಂದರೆ ಸೋತು ಮೂಲೆ ಸೇರಿದ್ದ ಡ್ರಮ್ ಈಗ ಕೆಲವು ವಿದ್ಯುತ್ ಕಾರುಗಳ ಹಿಂದಿನ ಚಕ್ರಕ್ಕೆ ಮರಳಿದೆ, ಫೋಕ್ಸ್‌ವ್ಯಾಗನ್ ಐಡಿ.3 ಅಂಥದ್ದೊಂದು. ಅಲ್ಲಿ ಬ್ರೇಕ್ ಒತ್ತಿದರೆ ಮೋಟಾರೇ ಡೈನಮೋ ಆಗಿ ವೇಗವನ್ನು ಕರೆಂಟಾಗಿಸಿ ಬ್ಯಾಟರಿಗೆ ತುಂಬುತ್ತದೆ. ಡ್ರಮ್ಮಿಗೆ ಕೆಲಸವೂ ಕಡಿಮೆ, ಬಿಸಿಯೂ ಕಡಿಮೆ. ಮುಚ್ಚಿದ ಡಬ್ಬಿಯಾದ್ದರಿಂದ ತುಕ್ಕಿನ ಕಾಟವೂ ಇಲ್ಲ. ಮುಲ್ಸಾನ್‌ನ ಆ 21 ಲಕ್ಷ ಜೂಲನ್ನು ಮೀಟರಿನ ಲೆಕ್ಕಕ್ಕೆ ತಿರುಗಿಸಿದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಮುನ್ನೂರು ಸುತ್ತಿಗೆ 170 ಯೂನಿಟ್‌ಗೂ ಮೇಲು, ಸಾಧಾರಣ ಮನೆಯೊಂದರ ತಿಂಗಳ ಕರೆಂಟು. ರೋಲ್ಟ್ ಮತ್ತು ಹ್ಯಾಮಿಲ್ಟನ್ ಒಂದೇ ತಿರುವಿನಲ್ಲಿ, ಒಂದೇ ದಿನದಲ್ಲಿ, ಅಷ್ಟನ್ನೂ ಗಾಳಿಗೆ ತೂರಿ ಬಂದಿದ್ದರು.