ಆಹಾರದ ಹಿತಾಹಿತ ನಿರ್ಣಯ

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ನರೆದಲೆಗಕ್ಕೂ ವ್ರೀಹಿಗೂ ನಡೆಯುವ ವಾಗ್ವಾದವು ಕನ್ನಡ ಸಾಹಿತ್ಯವನ್ನು ಬಲ್ಲವರೆಲ್ಲರಿಗೂ ಪರಿಚಿತವಾದದ್ದು. ಧಾನ್ಯಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆ ಹುಟ್ಟಿ, ಗೌತಮನು ನರೆದಲೆಗವನ್ನು, ಎಂದರೆ ರಾಗಿಯನ್ನು, ಎತ್ತಿ ಹೇಳಲು, ಬತ್ತವು ಕೆರಳಿ ತನ್ನ ಕುಲವನ್ನೂ ಶುಭಕಾರ್ಯಗಳಲ್ಲಿ ತನಗಿರುವ ಸ್ಥಾನವನ್ನೂ ಮುಂದಿಡುತ್ತದೆ. ರಾಗಿಯು ಬಡವರನ್ನು ಸಲಹುವ ತನ್ನ ಗುಣವನ್ನು ಹೇಳಿಕೊಳ್ಳುತ್ತದೆ. ಈ ವ್ಯಾಜ್ಯವನ್ನು ರಾಮನು ಮಾತಿನಿಂದ ತೀರಿಸಲು ಹೋಗುವುದಿಲ್ಲ. ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಅವಧಿ ಮುಗಿದ ಮೇಲೆ ಸಭೆಗೆ ತರಿಸಿ ನೋಡುತ್ತಾನೆ. ಬತ್ತವು ಕಳೆಗುಂದಿರುತ್ತದೆ, ರಾಗಿಯು ಸತ್ವಗೆಡದೆ ನಿಂತಿರುತ್ತದೆ. ತೀರ್ಪು ರಾಗಿಯ ಕಡೆಗಾಗುತ್ತದೆ.

ಈ ಕಾವ್ಯದ ಸಾಮಾಜಿಕ ಧ್ವನಿಯನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅದನ್ನು ಇಲ್ಲಿ ಮತ್ತೆ ಎತ್ತಿಕೊಳ್ಳಬೇಕಾದದ್ದಿಲ್ಲ. ಗಮನಿಸತಕ್ಕದ್ದು ರಾಮನು ಹೂಡಿದ ಪರೀಕ್ಷೆಯ ಕ್ರಮ. ಸೆರೆ ಎರಡಕ್ಕೂ ಒಂದೇ, ಕಾಲ ಎರಡಕ್ಕೂ ಒಂದೇ, ಫಲ ಕಾಣುವ ಮೊದಲು ತೀರ್ಪಿಲ್ಲ. ಇಷ್ಟು ಮಟ್ಟಿಗೆ ಇದು ಇಂದಿನ ಪ್ರಯೋಗಶಾಲೆಯವರೂ ಒಪ್ಪತಕ್ಕ ಪದ್ಧತಿ. ಆದರೆ ಅಳೆದದ್ದು ಯಾವುದು? ಕೆಡದೆ ಉಳಿಯುವ ಗುಣವನ್ನು. ಹಗೇವಿನಲ್ಲಿ ತುಂಬಿದ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ನಿಲ್ಲುವುದೆಂಬುದು ಬಯಲುಸೀಮೆಯ ಒಕ್ಕಲಿಗನಿಗೆ ತಿಳಿದ ಸಂಗತಿ. ಬರಗಾಲದಲ್ಲಿ ಅದಕ್ಕಿಂತ ದೊಡ್ಡ ಗುಣವೂ ಇಲ್ಲ. ಆದರೂ ಆ ಆರು ತಿಂಗಳಲ್ಲಿ ಎರಡು ಧಾನ್ಯಗಳಲ್ಲಿ ಒಂದನ್ನೂ ಯಾರೂ ಉಣ್ಣಲಿಲ್ಲ. ಕಣಜದಲ್ಲಿ ಕೆಡದಿರುವುದು ಒಂದು ಮಾತು, ಉಂಡವನ ಮೈಗೆ ಒಳ್ಳೆಯದಾಗುವುದು ಇನ್ನೊಂದು ಮಾತು. ಒಂದನ್ನು ಅಳೆದು ಇನ್ನೊಂದನ್ನು ಸಾರುವ ಈ ಜಾರಿಕೆಯು ಕಾವ್ಯದಲ್ಲಿ ದೋಷವಲ್ಲ. ಅಂಗಡಿಯಲ್ಲಿ ಮಾರುವ ಪುಷ್ಟಿಯ ಪುಡಿಗಳ ಡಬ್ಬಿಯ ಮೇಲೆ ದೋಷವೇ ಸರಿ.

ನಮ್ಮ ವೈದ್ಯಗ್ರಂಥಗಳು ಈ ಪ್ರಶ್ನೆಯನ್ನು ಲಘುವಾಗಿ ಎಣಿಸಿಲ್ಲ. ‘ಪಥ್ಯ’ವೆಂಬ ಶಬ್ದವೇ ‘ಪಥ’ ಎಂಬುದರಿಂದ ಬಂದದ್ದು. ದೇಹದ ದಾರಿಗೆ ಅಡ್ಡ ಬಾರದ್ದು ಪಥ್ಯ. ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ, ಯಾವ ಪದಾರ್ಥವೂ ತನ್ನಷ್ಟಕ್ಕೆ ಸರ್ವಥಾ ಪಥ್ಯವೆಂದಾಗಲಿ ಅಪಥ್ಯವೆಂದಾಗಲಿ ನಿಯತವಾಗಿಲ್ಲ, ಪ್ರಮಾಣ, ಕಾಲ, ಸಂಸ್ಕಾರ, ನೆಲ, ದೇಹ, ದೋಷ ಇವುಗಳ ಭೇದದಿಂದ ಅದು ಬೇರೆ ಬೇರೆಯಾಗಿ ತೋರುವುದೆಂಬ ಅಭಿಪ್ರಾಯವಿದೆ. ವಿಮಾನಸ್ಥಾನದ ಮೊದಲನೆಯ ಅಧ್ಯಾಯವು ಇದನ್ನೇ ವಿಸ್ತರಿಸಿ, ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗದ ನಿಯಮ, ಉಣ್ಣುವವನು ಎಂದು ಎಂಟು ನೆಲೆಗಳನ್ನು ಎಣಿಸುತ್ತದೆ. ಹೀಗಿರಲು, ‘ಇಂಥ ಪದಾರ್ಥ ಒಳ್ಳೆಯದು’ ಎಂಬ ಮಾತು ಚರಕನ ದೃಷ್ಟಿಯಲ್ಲಿ ಅರ್ಧ ವಾಕ್ಯ. ಯಾರಿಗೆ, ಎಷ್ಟು, ಹೇಗೆ ಬೇಯಿಸಿದ್ದು ಎಂಬವು ಕೂಡಿದಾಗಲೇ ಅದು ಪೂರ್ಣವಾಗುವುದು. ಕನ್ನಡದಲ್ಲಿಯೂ 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಮುಂತಾದವು ಅಡುಗೆಯನ್ನು ಶಾಸ್ತ್ರದ ವಿಷಯವೆಂದೇ ತಿಳಿದು ಹುಟ್ಟಿದ ಗ್ರಂಥಗಳು.

ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನು ಪ್ರಾಚೀನರು ಕಲಿಸಿದರು. ಉತ್ತರ ನಿಜವೇ ಎಂದು ತಿಳಿಯುವ ಉಪಾಯ ಮಾತ್ರ ಬಹು ನಿಧಾನವಾಗಿ ಒದಗಿತು. ಒಬ್ಬನು ಒಂದು ಕಷಾಯ ಕುಡಿದು ಗುಣಹೊಂದಿದನೆಂದರೆ, ಕುಡಿಯದಿದ್ದರೂ ಗುಣವಾಗುತ್ತಿತ್ತೇ ಎಂಬುದು ಅವನಿಂದ ತಿಳಿಯುವಂತಿಲ್ಲ. ಅದೇ ಸ್ಥಿತಿಯಲ್ಲಿದ್ದು ಕುಡಿಯದವನೊಬ್ಬನು ಪಕ್ಕದಲ್ಲಿರಬೇಕು. 1747ರ ಮೇ ತಿಂಗಳಲ್ಲಿ ‘ಸಾಲಿಸ್‌ಬರಿ’ ಎಂಬ ಇಂಗ್ಲಿಷ್ ಯುದ್ಧನೌಕೆಯ ವೈದ್ಯನಾದ ಜೇಮ್ಸ್ ಲಿಂಡನು ಹೀಗೆ ಮಾಡಿ ನೋಡಿದನು. ವಸಡು ಕೊಳೆತು ಮೈ ಸೋಲುವ ಸ್ಕರ್ವಿ ರೋಗ ಹತ್ತಿದ 12 ಮಂದಿ ನಾವಿಕರನ್ನು ಆರು ಜೋಡಿಯಾಗಿ ಮಾಡಿ, ಎಲ್ಲರಿಗೂ ಒಂದೇ ಊಟವನ್ನಿಟ್ಟು, ಒಂದೊಂದು ಜೋಡಿಗೆ ಒಂದೊಂದು ಮದ್ದನ್ನು ಕೊಟ್ಟನು: ಸೇಬಿನ ಮದ್ಯ, ಗಂಧಕಾಮ್ಲದ ಹನಿಗಳು, ಹುಳಿಕಾಡಿ, ಸಮುದ್ರದ ನೀರು, ಬೆಳ್ಳುಳ್ಳಿ ಸಾಸುವೆಗಳ ಲೇಹ್ಯ, ಕಿತ್ತಳೆ ಮತ್ತು ನಿಂಬೆ. ಹಣ್ಣು ತಿಂದವರಿಬ್ಬರಲ್ಲಿ ಒಬ್ಬನು ಆರೇ ದಿನಗಳಲ್ಲಿ ಕೆಲಸಕ್ಕೆ ಎದ್ದು ನಿಂತನು. 1753ರಲ್ಲಿ ಲಿಂಡನ ಗ್ರಂಥ ಹೊರಬಂದರೂ ಆ ನೌಕಾಪಡೆಯಲ್ಲಿ ನಿಂಬೆಯ ರಸ ಕಡ್ಡಾಯವಾದದ್ದು 1795ರಲ್ಲಿ. ಮೇಲಾಗಿ, ರಸವನ್ನು ಕಾಯಿಸಿ ಗಟ್ಟಿಮಾಡಿ ಸೀಸೆಯಲ್ಲಿಡಬೇಕೆಂದು ಲಿಂಡನೇ ಸಲಹೆ ಮಾಡಿದನು. ಕಾಯಿಸಿದರೆ ಅದರ ಸತ್ವ ಬಹುಪಾಲು ಹೋಗುವುದೆಂಬುದು ಅವನಿಗೆ ತಿಳಿಯದು. ಚರಕನ ‘ಕರಣ’ವನ್ನು ಮರೆತದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅನ್ನವನ್ನೇ ಮುಖ್ಯವಾಗಿ ಉಣ್ಣುವ ನಾಡುಗಳಿಗೆ ಇದಕ್ಕಿಂತ ಹತ್ತಿರದ ಸಂಗತಿಯೊಂದಿದೆ. 19ನೆಯ ಶತಮಾನದ ಕೊನೆಯಲ್ಲಿ ಯಂತ್ರದ ಗಿರಣಿಗಳು ಬಂದು, ತೌಡೆಲ್ಲ ಹೋಗಿ ಮಲ್ಲಿಗೆಯಂತೆ ಬೆಳ್ಳಗಾದ ಅಕ್ಕಿ ಪೂರ್ವದೇಶಗಳ ಪೇಟೆಗಳನ್ನು ತುಂಬಿತು. ಅದರ ಜೊತೆಯಲ್ಲಿಯೇ ಕಾಲು ಬಿದ್ದುಹೋಗಿ, ಹೃದಯ ಸೋತು ಸಾಯುವ ಬೆರಿಬೆರಿ ರೋಗವೂ ಹಬ್ಬಿತು. ಜಾವಾದಲ್ಲಿ ಐಕ್ಮನ್ ಎಂಬ ಡಚ್ಚ ವೈದ್ಯನು ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳು ಇಂಥದೇ ರೋಗಕ್ಕೆ ತುತ್ತಾಗುವುದನ್ನು ಕಂಡನು. ಮಲಯದಲ್ಲಿ ಬಿಳಿಯ ಸಯಾಮಿನ ಅಕ್ಕಿಯನ್ನು ಉಣ್ಣುವ ಚೀಣೀ ಕೂಲಿಗಳಲ್ಲಿ ರೋಗ ಹೆಚ್ಚು, ಬತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಅಕ್ಕಿಯನ್ನು ಉಣ್ಣುವ ತಮಿಳರಲ್ಲಿ ಕಡಿಮೆ ಎಂಬುದನ್ನೂ ಕೆಲವರು ಗಮನಿಸಿದರು. ಕರಾವಳಿಯ ಕನ್ನಡಿಗರು ಕುಚ್ಚಲಕ್ಕಿ ಎನ್ನುವುದು ಈ ಬಗೆಯ ಅಕ್ಕಿಯನ್ನೇ.

ಆದರೆ ಚೀಣಿಯರಿಗೂ ತಮಿಳರಿಗೂ ಭೇದವಿರುವುದು ಅಕ್ಕಿಯಲ್ಲಿ ಮಾತ್ರವೇ? ವಸತಿ, ಕೆಲಸ, ಉಪ್ಪು, ಹುಳಿ, ಮೀನು ಎಲ್ಲವೂ ಬೇರೆ. ಈ ಸಂಶಯವನ್ನು ಕಳೆಯಲು 1905ರಲ್ಲಿ ವಿಲಿಯಂ ಫ್ಲೆಚರನೆಂಬ ವೈದ್ಯನು ಕ್ವಾಲಾಲಂಪುರದ ಹುಚ್ಚರ ಆಸ್ಪತ್ರೆಯಲ್ಲಿ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಿ, ಬೆಸಸಂಖ್ಯೆಯವರಿಗೆ ಬಿಳಿಯ ಅಕ್ಕಿಯನ್ನೂ ಸಮಸಂಖ್ಯೆಯವರಿಗೆ ಬೇಯಿಸಿ ಒಣಗಿಸಿದ ಅಕ್ಕಿಯನ್ನೂ ಗೊತ್ತುಮಾಡಿದನು. ರೋಗವು ಕಟ್ಟಡಕ್ಕೆ ಅಂಟಿದ್ದಿರಬಹುದೆಂಬ ಆಕ್ಷೇಪಣೆ ಬಾರದಂತೆ ನಡುವೆ ಎರಡು ಗುಂಪುಗಳ ವಾಸವನ್ನೂ ಅದಲುಬದಲು ಮಾಡಿದನು. ಬಿಳಿಯ ಅಕ್ಕಿಯನ್ನುಂಡ 120 ಮಂದಿಯಲ್ಲಿ 43 ಮಂದಿಗೆ ರೋಗ ಹತ್ತಿ 18 ಮಂದಿ ಸತ್ತರು. ಇನ್ನೊಂದು ಗುಂಪಿನ 123 ಮಂದಿಯಲ್ಲಿ ರೋಗವಿದ್ದವರು ಇಬ್ಬರೇ. ಅವರೂ ಒಳಗೆ ಬರುವಾಗಲೇ ಅದನ್ನು ತಂದವರು. ಬತ್ತವನ್ನು ಬೇಯಿಸುವಾಗ ತೌಡಿನ ಪದರದಲ್ಲಿರುವ ಥಯಮಿನ್ ಎಂಬ ಜೀವಸತ್ವವು ಕಾಳಿನ ಒಳಕ್ಕೆ ಇಳಿಯುವುದೆಂಬ ಕಾರಣ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ಜಾವಾದಲ್ಲಿಯೇ ಬೇರ್ಪಟ್ಟದ್ದು 1926ರಲ್ಲಿ. ಕಾರಣ ತಿಳಿಯದೆಯೂ ಫಲವನ್ನು ನಿಶ್ಚಯಿಸಬಹುದೆಂಬುದಕ್ಕೆ ಈ ಪ್ರಯೋಗ ಸಾಕ್ಷಿ. ತಮ್ಮನ್ನು ಕೇಳುವವರೇ ಇಲ್ಲದ ಆ ಬಡ ರೋಗಿಗಳಲ್ಲಿ 18 ಮಂದಿಯ ಪ್ರಾಣವು ಅದರ ಬೆಲೆಯಾಯಿತೆಂಬುದನ್ನೂ ಮರೆಯಲಾಗದು. ಇಂದು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡರು.

ಕೊರತೆಯಿದ್ದಲ್ಲಿ ಕೊರತೆಯನ್ನು ತುಂಬಿದರೆ ಗುಣವಾಗುವುದು ಹೀಗೆ ಸಿದ್ಧವಾಯಿತು. ಇದರ ಬೆನ್ನಿಗೇ, ಕೊರತೆಯಿಲ್ಲದವನಿಗೂ ಹೆಚ್ಚಾಗಿ ಕೊಟ್ಟರೆ ಹೆಚ್ಚು ಗುಣವಾದೀತೆಂಬ ಊಹೆ ಹುಟ್ಟಿತು. ನೋಡಲು ಸಹಜವಾಗಿಯೇ ಕಾಣುವ ಈ ಊಹೆಗೆ ಬಿದ್ದ ದೊಡ್ಡ ಪೆಟ್ಟೆಂದರೆ ಬೀಟಾ ಕ್ಯಾರೊಟಿನ್ ಎಂಬ ವಸ್ತುವಿನ ಇತಿಹಾಸ. ಗಜ್ಜರಿ, ಮಾವು, ಸೊಪ್ಪುಗಳಲ್ಲಿರುವ ಈ ಬಣ್ಣದ ಸತ್ವವನ್ನು ದೇಹವು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿನ್ನುವವರಲ್ಲಿ, ಈ ಸತ್ವವು ರಕ್ತದಲ್ಲಿ ಹೆಚ್ಚಾಗಿ ಇರುವವರಲ್ಲಿ, ಶ್ವಾಸಕೋಶದ ಅರ್ಬುದವು ಕಡಿಮೆಯೆಂದು ಅನೇಕ ದೇಶಗಳ ಪರಿಶೀಲನೆಗಳು ತೋರಿಸಿದ್ದುವು. ಆದುದರಿಂದ ಅದನ್ನೇ ಗುಳಿಗೆಯಾಗಿ ಕೊಟ್ಟರೆ ಹೇಗೆ?

ಫಿನ್ಲೆಂಡಿನಲ್ಲಿ 50ರಿಂದ 69 ವಯಸ್ಸಿನ, ಹೊಗೆಸೊಪ್ಪು ಸೇದುವ 29,133 ಗಂಡಸರನ್ನು ಚೀಟಿ ಎತ್ತುವಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ‘ಇ’ ಜೀವಸತ್ವ, ಕೆಲವರಿಗೆ ಎರಡೂ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಸತ್ವಹೀನ ಗುಳಿಗೆ, ಹೀಗೆ 5ರಿಂದ 8 ವರ್ಷ ಕೊಟ್ಟರು. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದು, ತೆಗೆದುಕೊಳ್ಳುವವರಿಗೂ ತಿಳಿಯದು. 1994ರಲ್ಲಿ ಲೆಕ್ಕ ಬಿಚ್ಚಿದಾಗ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಅರ್ಬುದವು ಶೇಕಡ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಇದೇ ವಸ್ತುವನ್ನು ‘ಎ’ ಜೀವಸತ್ವದೊಡನೆ ಕೂಡಿಸಿ, ಹೊಗೆಸೊಪ್ಪು ಸೇದುವ ಅಥವಾ ಸೇದಿ ಬಿಟ್ಟ, ಇಲ್ಲವೆ ಕಲ್ನಾರಿನ ಧೂಳಿನಲ್ಲಿ ದುಡಿದ 18,314 ಮಂದಿಯ ಮೇಲೆ ನಡೆಯುತ್ತಿದ್ದ ಪರೀಕ್ಷೆಯನ್ನು 1996ರ ಜನವರಿಯಲ್ಲಿ, ಗೊತ್ತಾದ ಕಾಲಕ್ಕಿಂತ 21 ತಿಂಗಳು ಮೊದಲೇ, ನಿಲ್ಲಿಸಬೇಕಾಯಿತು; ಅಲ್ಲಿ ಹೆಚ್ಚಳವು ಶೇಕಡ 28. ಅದೇ ಸುಮಾರಿನಲ್ಲಿ, ಬಹುಮಟ್ಟಿಗೆ ಸೇದದವರೇ ಆದ 22,071 ಮಂದಿ ಅಮೆರಿಕದ ವೈದ್ಯರಲ್ಲಿ 12 ವರ್ಷ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ.

ಹಾಗಾದರೆ ಹಿಂದಿನ ಪರಿಶೀಲನೆಗಳು ಸುಳ್ಳೇ? ಸುಳ್ಳಲ್ಲ. ಫಿನ್ಲೆಂಡಿನ ಆ ಗಂಡಸರಲ್ಲಿಯೇ, ಗುಳಿಗೆ ತೊಡಗುವ ಮೊದಲು ರಕ್ತದಲ್ಲಿ ಈ ಸತ್ವ ಹೆಚ್ಚಾಗಿದ್ದವರಿಗೆ ಮುಂದೆ ಅರ್ಬುದ ಕಡಿಮೆಯಾಗಿಯೇ ಬಂದಿತು. ಹೊಲದಿಂದ ಬಂದ ಸೊಪ್ಪು ಹಣ್ಣುಗಳನ್ನು ದಿನವೂ ತಿನ್ನುವವನು ಬೇರೆ ಹತ್ತು ವಿಷಯಗಳಲ್ಲಿಯೂ ಬೇರೆಯವನು. ಸೇದುವುದು ಕಡಿಮೆಯಿರಬಹುದು, ಕುಡಿತ ಕಡಿಮೆಯಿರಬಹುದು, ಸೊಪ್ಪಿನಲ್ಲಿ ಬೇರೆ ನೂರು ಸತ್ವಗಳಿರಬಹುದು. ರಕ್ತದಲ್ಲಿನ ಆ ಬಣ್ಣವು ಇವೆಲ್ಲಕ್ಕೂ ಗುರುತು. ಧ್ವಜವನ್ನು ಕಂಡು ರಥವಿದೆಯೆಂದು ತಿಳಿಯುವುದು ಸರಿ; ಧ್ವಜವೊಂದನ್ನೇ ಕಿತ್ತು ತಂದು ನೆಟ್ಟರೆ ರಥ ಬಾರದು. ಚರಕನ ಎಂಟು ನೆಲೆಗಳಲ್ಲಿ ಗುಳಿಗೆಯು ಒಂದೇ ಸಲಕ್ಕೆ ರಾಶಿ, ಸಂಯೋಗ, ಉಣ್ಣುವವನು ಎಂಬ ಮೂರನ್ನು ಮೀರಿತ್ತು.

ಇದರಿಂದ ಗುಳಿಗೆಗಳೆಲ್ಲ ವ್ಯರ್ಥವೆಂದು ಹೇಳಿದರೆ ಅದೂ ಅರ್ಧ ವಾಕ್ಯವೇ ಆದೀತು. 1928ರಿಂದ ಮುಂದೆ ಲೂಸಿ ವಿಲ್ಸ್ ಎಂಬ ವೈದ್ಯೆಯು ಮುಂಬಯಿಯ ಬಡ ಗಿರಣಿ ಕೆಲಸದ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸಿ, ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದನ್ನು ತೋರಿಸಿದಳು. ಆ ಸಾರದಲ್ಲಿದ್ದ ಸತ್ವವು ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಬೆನ್ನುಹುರಿ ಮುಚ್ಚದ ಮಗುವನ್ನು ಹಿಂದೆ ಹೆತ್ತ ತಾಯಂದಿರಿಗೆ ಅದನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ಕೊಟ್ಟರೆ ಆ ದೋಷವು ಮರುಕಳಿಸುವುದು ಶೇಕಡ 72ರಷ್ಟು ಕಡಿಮೆಯಾಗುವುದೆಂದು 1991ರಲ್ಲಿ ಏಳು ದೇಶಗಳ ಪರೀಕ್ಷೆಯೊಂದು ಸ್ಥಾಪಿಸಿತು. ಗರ್ಭ ನಿಂತ ನಾಲ್ಕೇ ವಾರಗಳಲ್ಲಿ ಆ ನಾಳವು ಮುಚ್ಚಬೇಕಾದ ಕಾರಣ, ಎಷ್ಟೋ ಹೆಂಗಸರಿಗೆ ತಾವು ಬಸಿರೆಂದು ತಿಳಿಯುವ ಹೊತ್ತಿಗೆ ಗುಳಿಗೆಯ ಕಾಲ ಕಳೆದುಹೋಗಿರುತ್ತದೆ. ಅದೇ ವಸ್ತು, ಅದೇ ಪ್ರಮಾಣ, ಕಾಲವೊಂದೇ ಬೇರೆ.

ಇನ್ನು ರಾಮನ ಸಭೆಯಲ್ಲಿ ಗೆದ್ದ ಧಾನ್ಯದ ವಿಷಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಬಿಳಿಯ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಈ ಅಂಕಿಗಳು ನಿಜ. ಆದರೆ ಕಾಳಿನಲ್ಲಿರುವುದೆಲ್ಲ ಮೂಳೆಯನ್ನು ಸೇರುವುದಿಲ್ಲ. ರಾಗಿಯ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಸುಣ್ಣವನ್ನೂ ಕಬ್ಬಿಣವನ್ನೂ ಹಿಡಿದಿಟ್ಟು ಒಂದು ಭಾಗವನ್ನು ದೇಹಕ್ಕೆ ದಕ್ಕಗೊಡದು. ಮೊಳಕೆ ಬರಿಸಿದಾಗ ಕಾಳಿನೊಳಗಿನ ಕಿಣ್ವಗಳೆದ್ದು ಈ ಹಿಡಿತವನ್ನು ಸಡಿಲಿಸುತ್ತವೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನಿಂದ ಎಳೆಮಕ್ಕಳಿಗೆ ಸರಿ ಕಾಯಿಸುವ ಅಜ್ಜಿಯರಿಗೆ ಫೈಟೇಟಿನ ಹೆಸರು ಬೇಕಾಗಿರಲಿಲ್ಲ. ಮೊಳಕೆಯಿಂದ ಪಿಷ್ಟವೂ ಒಡೆಯುವ ಕಾರಣ ಸರಿಯು ತೆಳ್ಳಗಾಗಿ, ಸಣ್ಣ ಹೊಟ್ಟೆಯ ಮಗು ಅಷ್ಟರಲ್ಲಿಯೇ ಹೆಚ್ಚು ಹಿಟ್ಟನ್ನು ಒಳಕ್ಕೆ ತೆಗೆದುಕೊಳ್ಳಬಲ್ಲದು. ಹೀಗೆ ಒಡೆದ ಪಿಷ್ಟವೇ ಮಧುಮೇಹದ ಮುದುಕನ ರಕ್ತದಲ್ಲಿ ಸಕ್ಕರೆಯನ್ನು ಬೇಗನೆ ಏರಿಸತಕ್ಕದ್ದು. ರಾಗಿ ಸಕ್ಕರೆಯ ರೋಗಕ್ಕೆ ಒಳ್ಳೆಯದೆಂದು ಕೇಳಿ, ಮೊಮ್ಮಗುವಿಗೆಂದು ಕಾಯಿಸಿದ ಸರಿಯಲ್ಲಿ ಒಂದು ಲೋಟವನ್ನು ತಾನೂ ಕುಡಿಯುವವನು ಮೊಮ್ಮಗುವಿನ ಪಥ್ಯವನ್ನು ಕುಡಿದಂತಾಯಿತೇ ಹೊರತು ತನ್ನದನ್ನಲ್ಲ. ಸೊಪ್ಪಿನ ಸಾರಿನೊಡನೆ ಒಂದು ಹಿಡಿ ಮುದ್ದೆ ಅವನಿಗೆ ಅದಕ್ಕಿಂತ ಹತ್ತಿರದ ಊಟ.