ಮಡಿವಾಳಕ್ಕೆ ಹೋದ ಬಾಟಲಿಗಳು

‘ಮರಣೋತ್ತರ ಪರೀಕ್ಷೆಯ ವರದಿ ಬಂದ ಬಳಿಕವಷ್ಟೇ ಸಾವಿಗೆ ನಿಖರ ಕಾರಣ ತಿಳಿಯಲಿದೆ.’ ಪತ್ರಿಕೆ ಓದುವವರಿಗೆಲ್ಲ ಬಾಯಿಪಾಠವಾಗಿರುವ ಸಾಲು ಇದು. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿ ಹುಡುಗನೊಬ್ಬ ಬೆಳಿಗ್ಗೆ ಏಳಲಿಲ್ಲ ಎಂದರೆ ಸುದ್ದಿ ಮುಗಿಯುವುದು ಹೀಗೆಯೇ. ಆದರೆ ವರದಿ ಬಂದ ದಿನ ಅದು ಸುದ್ದಿಯಾಗುವುದು ಅಪರೂಪ. ನಡುವಿನ ವಾರಗಳನ್ನೂ ತಿಂಗಳುಗಳನ್ನೂ ತುಂಬುವುದು ಟೀ ಅಂಗಡಿಯ ಮುಂದಿನ ಮಾತು: ‘ಏನೋ ತಗೊಂಡಿದ್ನಂತೆ.’ ಆ ‘ಅಂತೆ’ ಒಂದು ಮನೆಯ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆ ಎಂಬುದನ್ನು ದಕ್ಷಿಣ ಬೆಂಗಳೂರು 2020ರಲ್ಲಿ ಕಣ್ಣಾರೆ ಕಂಡಿತು.

ಆ ವರ್ಷದ ಜೂನ್ 7, ಭಾನುವಾರ. ನಟ ಚಿರಂಜೀವಿ ಸರ್ಜಾ ಉಸಿರಾಟದ ತೊಂದರೆಯಿಂದ ಮನೆಯಲ್ಲಿ ಕುಸಿದರು. ಜಯನಗರದ ಅಪೋಲೊ ಆಸ್ಪತ್ರೆಗೆ ಕರೆತಂದಾಗ ಪ್ರಜ್ಞೆ ಇರಲಿಲ್ಲ. ವೈದ್ಯರ ಪ್ರಯತ್ನ ಫಲಿಸಲಿಲ್ಲ. ಹೃದಯಾಘಾತ ಎಂದು ತಿಳಿಸಲಾಯಿತು. ಅವರಿಗೆ 40 ಕೂಡ ತುಂಬಿರಲಿಲ್ಲ. ಪತ್ನಿ ಮೇಘನಾ ರಾಜ್ ಆಗ ಗರ್ಭಿಣಿ. ಮರುದಿನ ಕನಕಪುರ ರಸ್ತೆಯ ಕಡೆ ತಮ್ಮ ಧ್ರುವ ಸರ್ಜಾ ಅವರ ತೋಟದಲ್ಲಿ ಮಣ್ಣು ಮಾಡಿದರು. ಅದಾಗಿ ಒಂದೇ ವಾರಕ್ಕೆ ಮುಂಬೈಯಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ಸಾವು. ದೇಶದ ಟೀವಿಗಳೆಲ್ಲ ಸಾವು ಮತ್ತು ಡ್ರಗ್ಸ್ ಎಂಬ ಎರಡು ಪದಗಳನ್ನು ಒಟ್ಟಿಗೆ ಹೇಳಲು ಶುರುಮಾಡಿದವು. ಆಗಸ್ಟ್ ಕೊನೆಯಲ್ಲಿ ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿ ಬೆಂಗಳೂರಿನಲ್ಲಿ ಮಾದಕವಸ್ತು ಜಾಲವೊಂದನ್ನು ಹಿಡಿಯಿತು. ಆಗಲೇ ಚಿತ್ರ ನಿರ್ದೇಶಕ ಇಂದ್ರಜಿತ್ ಲಂಕೇಶ್, ಚಿತ್ರರಂಗದಲ್ಲಿ ಡ್ರಗ್ಸ್ ಹಾವಳಿ ಇದೆ ಎಂದು ಹೇಳುತ್ತ, ಇತ್ತೀಚೆಗೆ ತೀರಿಕೊಂಡ ಯುವನಟನ ಮರಣೋತ್ತರ ಪರೀಕ್ಷೆ ಯಾಕೆ ಮಾಡಲಿಲ್ಲ ಎಂದು ಕೇಳಿದ್ದು. ಮೇಘನಾ ಚಲನಚಿತ್ರ ವಾಣಿಜ್ಯ ಮಂಡಳಿಗೆ ಪತ್ರ ಬರೆದು ನೋವು ತೋಡಿಕೊಂಡರು. ಇಂದ್ರಜಿತ್ ಆ ಮಾತನ್ನು ಹಿಂತೆಗೆದುಕೊಂಡರು. ಆ ಸಾವಿಗೂ ಡ್ರಗ್ಸ್‌ಗೂ ನಂಟಿದೆ ಎನ್ನಲು ಯಾವ ಆಧಾರವೂ ಹೊರಬರಲಿಲ್ಲ.

ಮಾತು ಹಿಂದಕ್ಕೆ ಹೋಯಿತು, ಪ್ರಶ್ನೆ ಮಾತ್ರ ಜನರ ಬಾಯಲ್ಲಿ ಉಳಿಯಿತು: ಯಾಕೆ ಮಾಡಲಿಲ್ಲ? ಇದಕ್ಕೆ ಕಾನೂನಿನಲ್ಲಿ ನೇರವಾದ ಉತ್ತರವಿದೆ. ಅದು ತಿಳಿದಿದ್ದರೆ ಒಬ್ಬ ಬಸುರಿ ಹೆಣ್ಣುಮಗಳು ಆ ಪತ್ರ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಸತ್ತವರಿಗೆಲ್ಲ ಮರಣೋತ್ತರ ಪರೀಕ್ಷೆ ಮಾಡುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರು ಸಾವಿನ ಕಾರಣ ಬರೆದುಕೊಡುತ್ತಾರೆ. ಆಸ್ಪತ್ರೆಯಲ್ಲಾದರೆ ನಮೂನೆ 4, ಮನೆಯಲ್ಲಾದರೆ ನಮೂನೆ 4ಎ. ಸಾವು ಸಹಜ ಎಂದು ವೈದ್ಯರಿಗೆ ಮನವರಿಕೆಯಾಗಿ, ಪೊಲೀಸರಿಗೂ ಮನೆಯವರಿಗೂ ಸಂಶಯವಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಪರೀಕ್ಷೆ ಮಾಡಿಲ್ಲ ಎಂಬುದು ಏನನ್ನೋ ಮುಚ್ಚಿಟ್ಟರು ಎಂಬುದಕ್ಕೆ ಸಾಕ್ಷಿಯಲ್ಲ. ನಮ್ಮ ನಿಮ್ಮ ಅಜ್ಜ ಅಜ್ಜಿಯರಲ್ಲಿ ಹೆಚ್ಚಿನವರು ಹೋದದ್ದು ಈ ದಾರಿಯಲ್ಲೇ.

ದಾರಿ ಬದಲಾಗುವುದು ವೈದ್ಯರು ಕಾರಣ ಬರೆಯಲಾಗದೆ ಪೊಲೀಸರಿಗೆ ತಿಳಿಸಿದಾಗ. ಅದನ್ನೇ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಮೆಡಿಕೊ ಲೀಗಲ್ ಕೇಸ್ ಎನ್ನುವುದು. ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಯುಡಿಆರ್ ಎಂದರೆ ಕೊಲೆ ಎಂದಲ್ಲ, ಅಪರಾಧ ನಡೆದಿದೆ ಎಂದೂ ಅಲ್ಲ. ಗೊತ್ತಿಲ್ಲ, ನೋಡಬೇಕು ಎಂದಷ್ಟೇ. ಹಿಂದೆ ಇದು ಸಿಆರ್‌ಪಿಸಿಯ 174ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್. ಅಕ್ಕಪಕ್ಕದ ಇಬ್ಬರಾದರೂ ಪಂಚರ ಮುಂದೆ ಪೊಲೀಸರು ಶವ ಪಂಚನಾಮೆ ಬರೆಯುತ್ತಾರೆ. ಗಾಯವಿದೆಯೇ, ತುಟಿ ಉಗುರು ನೀಲಿಗಟ್ಟಿವೆಯೇ, ಬಾಯಲ್ಲಿ ನೊರೆಯಿದೆಯೇ, ಕೋಣೆಯಲ್ಲಿ ಏನೇನು ಬಿದ್ದಿತ್ತು ಎಂದು. ಮಾತ್ರೆಯ ಖಾಲಿ ಸ್ಟ್ರಿಪ್, ಸಿರಿಂಜು, ಪುಡಿಯ ಪೊಟ್ಟಣ ಇದ್ದರೆ ಜಪ್ತಿ ಮಾಡಬೇಕು. ಈ ಕೊನೆಯ ಕೆಲಸ ಎಷ್ಟು ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ದೇಹ ವಿಕ್ಟೋರಿಯಾದಂಥ ಆಸ್ಪತ್ರೆಯ ಶವಾಗಾರಕ್ಕೆ ಹೋಗುತ್ತದೆ. ಡ್ರಗ್ಸ್ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಶ್ವಾಸಕೋಶದಲ್ಲಿ ನೀರು ತುಂಬಿರಬಹುದು, ಮೆದುಳು ಊದಿರಬಹುದು. ಬೇರೆ ಹತ್ತು ಕಾರಣಗಳಿಗೂ ಹಾಗೆ ಆಗುತ್ತದೆ. ಹಾಗಾಗಿ ವೈದ್ಯರು ‘ರಾಸಾಯನಿಕ ವರದಿ ಬರುವವರೆಗೆ ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಎಂದು ಬರೆದು ಒಳಾಂಗಗಳ ಮಾದರಿ ತೆಗೆಯುತ್ತಾರೆ. ಜಠರ ಮತ್ತು ಅದರಲ್ಲಿದ್ದದ್ದು, ಸಣ್ಣ ಕರುಳಿನ ಒಂದು ತುಂಡು, ಯಕೃತ್ತಿನ ಅರ್ಧ ಕಿಲೋದಷ್ಟು ಭಾಗ, ಎರಡೂ ಮೂತ್ರಪಿಂಡಗಳ ಅರ್ಧರ್ಧ, ರಕ್ತ, ಮೂತ್ರ. ಅಂಗಗಳನ್ನು ಕೆಡದಂತೆ ಕಾಯುವುದು ನಮ್ಮ ಅಡುಗೆಮನೆಯ ಉಪ್ಪು, ಇನ್ನು ಕರಗದಷ್ಟು ಹಾಕಿದ ಉಪ್ಪುನೀರು. ರಕ್ತಕ್ಕೆ ಸೋಡಿಯಂ ಫ್ಲೋರೈಡ್. ಬರೀ ಉಪ್ಪುನೀರಿನ ಒಂದು ಬಾಟಲಿಯೂ ಜೊತೆಗೆ ಹೋಗುತ್ತದೆ, ಆ ನೀರಿನಲ್ಲೇ ಏನೂ ಇರಲಿಲ್ಲ ಎಂದು ತೋರಿಸಲು. ಎಲ್ಲಕ್ಕೂ ಅರಗಿನ ಮುದ್ರೆ. ಹೃದಯವನ್ನು ಮಾತ್ರ ಫಾರ್ಮಲಿನ್‌ನಲ್ಲಿಟ್ಟು ಬೇರೆಯಾಗಿ ರೋಗಶಾಸ್ತ್ರ ವಿಭಾಗಕ್ಕೆ ಕಳಿಸುವುದುಂಟು.

ರಕ್ತವನ್ನು ಎಲ್ಲಿಂದ ತೆಗೆದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸತ್ತ ಮೇಲೆ ಯಕೃತ್ತು, ಶ್ವಾಸಕೋಶ, ಹೃದಯದ ಸ್ನಾಯುಗಳಲ್ಲಿ ಕೂತಿದ್ದ ಔಷಧ ಮೆಲ್ಲಗೆ ಸುತ್ತಲಿನ ರಕ್ತಕ್ಕೆ ಇಳಿಯುತ್ತದೆ. ಹೃದಯದೊಳಗಿನ ರಕ್ತ ಪರೀಕ್ಷಿಸಿದರೆ ಬದುಕಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ಅದಕ್ಕೇ ತೊಡೆಯ ಅಭಿಧಮನಿಯ ರಕ್ತ ಮೇಲು. ದೇಹ ಕೊಳೆಯತೊಡಗಿದರಂತೂ ಒಂದು ಹನಿ ಕುಡಿಯದವರ ದೇಹದಲ್ಲೂ ಮದ್ಯಸಾರ ಹುಟ್ಟುತ್ತದೆ. ‘ಕುಡಿದಿದ್ದನಂತೆ’ ಎನ್ನುವ ಮೊದಲು ಇದು ತಿಳಿದಿರಲಿ.

ಬಾಟಲಿಗಳು ಹೋಗುವುದು ಮಡಿವಾಳಕ್ಕೆ. ಬಿಟಿಎಂ ಲೇಔಟಿನ ಪಕ್ಕದಲ್ಲೇ ಇರುವ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ, ಪೊಲೀಸರ ಬಾಯಲ್ಲಿ ಎಫ್‌ಎಸ್‌ಎಲ್. ರಾಜ್ಯದ ಮೂಲೆಮೂಲೆಯ ಪ್ರಕರಣಗಳು ಅಲ್ಲಿಗೆ ಬರುತ್ತವೆ, ಸರದಿ ಉದ್ದವಿರುತ್ತದೆ. ಮೊದಲು ಅಂಗಾಂಶದಿಂದ ವಿಷವನ್ನು ಬೇರ್ಪಡಿಸಬೇಕು. ಆಮೇಲೆ ಆ ಸಾರವನ್ನು ಆವಿಯಾಗಿಸಿ ಉದ್ದನೆಯ ಕೊಳವೆಯಲ್ಲಿ ಹರಿಸುತ್ತಾರೆ. ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಹೊರಬರುತ್ತದೆ. ಬಂದದ್ದನ್ನು ಯಂತ್ರ ಒಡೆದು ಚೂರುಗಳ ತೂಕ ಅಳೆಯುತ್ತದೆ. ಬೆರಳಚ್ಚಿನ ಹಾಗೆ ಪ್ರತಿ ವಸ್ತುವಿಗೂ ಅದರದೇ ಚೂರುಗಳ ಗುರುತು. ಆದರೆ ಗುರುತು ಹೋಲಿಸಲು ಯಂತ್ರದ ಪಟ್ಟಿಯಲ್ಲಿ ಆ ವಸ್ತು ಇರಬೇಕಲ್ಲ? ತಿಂಗಳಿಗೊಂದು ಹೊಸ ರೂಪ ತಾಳುವ ಕೃತಕ ಡ್ರಗ್ಸ್ ತಪ್ಪಿಸಿಕೊಳ್ಳುವುದು ಇಲ್ಲಿಯೇ. ಕೋಣೆಯಲ್ಲಿ ಸಿಕ್ಕ ಪೊಟ್ಟಣವನ್ನೂ ಜೊತೆಗೆ ಕಳಿಸಿದ್ದರೆ ಏನನ್ನು ಹುಡುಕಬೇಕು ಎಂಬ ಸುಳಿವು ಸಿಗುತ್ತದೆ.

ವರದಿಯಲ್ಲಿ ಡ್ರಗ್ಸ್ ಹೆಸರು ಬಂತು ಎಂದುಕೊಳ್ಳಿ. ಅಷ್ಟಕ್ಕೆ ಅದೇ ಕೊಂದಿತು ಎಂದಾಗುವುದಿಲ್ಲ. ಗಾಂಜಾದ ಕುರುಹು ನಿತ್ಯ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅವರು ಸತ್ತದ್ದು ಬೇರೆ ಯಾವುದರಿಂದಲೋ ಇರಬಹುದು. ಹೆರಾಯಿನ್ ಮತ್ತು ಅಫೀಮಿನ ಬಳಗದ ನೋವಿನ ಮಾತ್ರೆಗಳು ಮೆದುಳಿನ ಉಸಿರಾಟದ ಕೇಂದ್ರವನ್ನೇ ಮಂಕಾಗಿಸುತ್ತವೆ, ಜೊತೆಗೆ ಮದ್ಯವೋ ನಿದ್ರೆಮಾತ್ರೆಯೋ ಸೇರಿದರೆ ಉಸಿರು ನಿಲ್ಲುತ್ತದೆ. ಕೊಕೇನ್ ಹೃದಯದ ರಕ್ತನಾಳವನ್ನು ಹಿಂಡುತ್ತದೆ, ಎಂಡಿಎಂಎ ದೇಹದ ಬಿಸಿಯನ್ನು ಅಪಾಯಕ್ಕೆ ಏರಿಸುತ್ತದೆ, ಎರಡೂ ಹೃದಯದ ಲಯ ಕೆಡಿಸುತ್ತವೆ. ಎಷ್ಟಿತ್ತು, ಜೊತೆಗೆ ಏನಿತ್ತು, ಹೃದಯ ಮೊದಲೇ ಹೇಗಿತ್ತು ಎಂಬುದನ್ನೆಲ್ಲ ಕೂಡಿಸಿ ಅಂತಿಮ ಅಭಿಪ್ರಾಯ ಬರೆಯುವವರು ಶವಪರೀಕ್ಷೆ ಮಾಡಿದ ವೈದ್ಯರೇ ಹೊರತು ಪ್ರಯೋಗಾಲಯವಲ್ಲ. ಇಷ್ಟೆಲ್ಲ ಆಗಿಯೂ ಕೆಲವೊಮ್ಮೆ ಕಾರಣ ಸಿಗುವುದಿಲ್ಲ. ಹೃದಯದ ವಿದ್ಯುತ್ ಲಯದ ಹುಟ್ಟುದೋಷದಿಂದ ಸತ್ತವರ ಹೃದಯ ಸೂಕ್ಷ್ಮದರ್ಶಕದಡಿಯಲ್ಲೂ ಸರಿಯಾಗಿಯೇ ಕಾಣಬಹುದು. ಸುಶಾಂತ್ ಪ್ರಕರಣದಲ್ಲಿ ದೆಹಲಿಯ ಏಮ್ಸ್ ವೈದ್ಯರ ತಂಡಕ್ಕೆ ಒಳಾಂಗಗಳಲ್ಲಿ ವಿಷದ ಕುರುಹು ಸಿಗಲಿಲ್ಲ ಎಂಬುದು 2020ರಲ್ಲೇ ಹೊರಬಂದಿತ್ತು. ಸಿಬಿಐ ಮುಕ್ತಾಯ ವರದಿ ಸಲ್ಲಿಸಿದ್ದು 2025ರ ಮಾರ್ಚಿನಲ್ಲಿ. ಅಷ್ಟರಲ್ಲಿ ಎಷ್ಟು ಜನರ ಮೇಲೆ ಮಸಿ ಬಿದ್ದಿತ್ತು!

ಅದೇ 2025ರ ಬೇಸಿಗೆ ಕಳೆಯುವ ಹೊತ್ತಿಗೆ ಹಾಸನದ ಸರದಿ. ಸಾಲುಸಾಲು ಹೃದಯಾಘಾತದ ಸುದ್ದಿ, ಕೋವಿಡ್ ಲಸಿಕೆಯೇ ಕಾರಣ ಎಂಬ ಗುಮಾನಿ, ಜಯನಗರ 9ನೇ ಬ್ಲಾಕಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಜನ. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿದಾಗ, ನಾಲ್ಕಕ್ಕೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಅದೇ ಹೊತ್ತಿಗೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡುವುದನ್ನೂ ಮರಣೋತ್ತರ ಪರೀಕ್ಷೆಯನ್ನೂ ಕಡ್ಡಾಯಗೊಳಿಸುವುದಾಗಿ ಹೇಳಿದರು. ಇದು ಒಳ್ಳೆಯ ಹೆಜ್ಜೆ. ಎಲ್ಲರಿಗೂ ಮಾಡುವ ಪರೀಕ್ಷೆ ಯಾರನ್ನೂ ಬೊಟ್ಟು ಮಾಡಿ ತೋರಿಸುವುದಿಲ್ಲ.

ಮನೆಯವರಿಗೇ ಸಂಶಯವಿದ್ದರೆ ಹೇಳಬೇಕಾದ ಹೊತ್ತು ಒಂದೇ: ಬನಶಂಕರಿಯ ವಿದ್ಯುತ್ ಚಿತಾಗಾರಕ್ಕೆ ಹೊರಡುವ ಮೊದಲು. ಠಾಣೆಗೆ ಲಿಖಿತವಾಗಿ ಕೊಡಿ. ಮಣ್ಣು ಮಾಡಿದ ದೇಹವನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆದು ಪರೀಕ್ಷಿಸಬಹುದು. ಬೂದಿಯಾದ ಮೇಲೆ ಡ್ರಗ್ಸ್‌ನ ಕುರುಹು ಯಾವ ಪ್ರಯೋಗಾಲಯಕ್ಕೂ ಸಿಗದು. ಪರೀಕ್ಷೆಗೆ ಕೊಟ್ಟರೆ ದಿನಗಟ್ಟಲೆ ಕಾಯಬೇಕೆಂಬ ಭಯವೂ ಬೇಡ. ಕೊಲೆ, ಆತ್ಮಹತ್ಯೆ, ಸಂಚಿನ ಸಂಶಯದಂಥ ಪ್ರಕರಣಗಳನ್ನು ಬಿಟ್ಟು ಉಳಿದವಕ್ಕೆ, ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯ ಮುಳುಗಿದ ಮೇಲೂ ಮಾಡಬಹುದೆಂದು 2021ರ ನವೆಂಬರಿನಲ್ಲೇ ಕೇಂದ್ರ ಅನುಮತಿ ಕೊಟ್ಟಿದೆ. ತನಿಖಾಧಿಕಾರಿಯ ಹೆಸರು, ಯುಡಿಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ವರದಿಯ ಪ್ರತಿ ಕೇಳುವಾಗ ಅವು ಬೇಕಾಗುತ್ತವೆ.

ಡ್ರಗ್ಸ್ ಎಂಬ ಪದವನ್ನು ಜೋರಾಗಿ ಹೇಳಲೇಬೇಕಾದ ಒಂದು ಜಾಗವಿದೆ, ಅಲ್ಲಿ ಮಾತ್ರ ನಾವು ಬಾಯಿ ಕಟ್ಟಿಕೊಳ್ಳುತ್ತೇವೆ. ಅದು ಕ್ಯಾಶುವಾಲ್ಟಿಯ ಬಾಗಿಲು. ಸ್ನೇಹಿತ ಏನೋ ತೆಗೆದುಕೊಂಡು ಗೊರಕೆಯಂಥ ಉಸಿರು ಬಿಡುತ್ತ, ಎಬ್ಬಿಸಿದರೂ ಏಳದೆ ಬಿದ್ದಿದ್ದರೆ ‘ಮಲಗಲಿ, ಇಳಿಯುತ್ತೆ’ ಎಂದು ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗಿಳಿಯದಂತೆ. 108ಕ್ಕೆ ಕರೆ ಮಾಡಿ. ಉಸಿರೇ ನಿಂತಿದ್ದರೆ ಎದೆ ಒತ್ತಲು ಶುರುಮಾಡಿ. ಸ್ಟ್ರಿಪ್ಪೋ ಪೊಟ್ಟಣವೋ ಸಿಕ್ಕಿದ್ದನ್ನು ಜೊತೆಗೆ ಒಯ್ಯಿರಿ. ಏನು, ಎಷ್ಟು, ಯಾವಾಗ ಎಂದು ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಎಂಎಲ್‌ಸಿ ಬರೆಯುತ್ತಾರೆ, ನಿಜ. ಆದರೆ ಚಟಕ್ಕೆ ಬಿದ್ದವರು ತಾವಾಗಿಯೇ ಸರ್ಕಾರದ ಮಾನ್ಯತೆಯ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ, ಸೇವನೆಯ ಪ್ರಕರಣದಲ್ಲಿ ವಿಚಾರಣೆಯಿಂದ ವಿನಾಯಿತಿ ಸಿಗಲು ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ದಾರಿ ಮಾಡಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416.

ಅಫೀಮಿನ ಬಳಗದ ವಿಷಕ್ಕೆ ನಾಲೊಕ್ಸೋನ್ ಎಂಬ ಚುಚ್ಚುಮದ್ದಿದೆ; ನಿಂತುಹೋಗುತ್ತಿದ್ದ ಉಸಿರು ಕೆಲವೇ ನಿಮಿಷದಲ್ಲಿ ಮರಳುತ್ತದೆ. ಅದರ ಪ್ರಭಾವ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಯುತ್ತದೆ, ವಿಷ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಹುದು. ಆದ್ದರಿಂದ ಹುಡುಗ ಎದ್ದು ಕೂತು ‘ನಾನು ಸರಿಯಾಗಿದ್ದೀನಿ, ಹೋಗೋಣ’ ಎಂದರೂ ಆ ರಾತ್ರಿ ಅವನನ್ನು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಿ.